ಎದುರು ಮಾತಿನ ಪಾಠ

ಡೊಂಬಿವಲಿಯ ನಮ್ಮ ಸೊಸೈಟಿಯ ಆಫೀಸ್ ಕೋಣೆಯಲ್ಲಿ ಭಾನುವಾರ ನಡೆಯುವ ಕನ್ನಡ ತರಗತಿಯ ಬಗ್ಗೆ ಈ ಅಂಕಣದಲ್ಲಿ ಹಿಂದೆಯೂ ಒಂದೆರಡು ಸಲ ಬರೆದಿದ್ದೇನೆ. ಹೊಸ ಓದುಗರಿಗಾಗಿ ಚುಟುಕಾಗಿ ಹೇಳುವುದಾದರೆ, ವಾರಕ್ಕೆ ಐದು ದಿನ ಲೋಕಲ್ ಟ್ರೇನಿನಲ್ಲಿ ಜೋತಾಡಿಕೊಂಡು ಹೋಗಿ ಲೆಕ್ಕಪತ್ರ ನೋಡುವ ನಾನು, ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ ಮೇಷ್ಟ್ರು. 14 ಮಕ್ಕಳಿದ್ದಾರೆ, ಆರರಿಂದ ಹತ್ತನೇ ತರಗತಿಯವರೆಗಿನವರು. ಎಲ್ಲರೂ ಇಂಗ್ಲಿಷ್ ಮಾಧ್ಯಮ. ಶಾಲೆಯಲ್ಲಿ ಇಂಗ್ಲಿಷ್, ಮೈದಾನದಲ್ಲಿ ಹಿಂದಿ, ವಡಾಪಾವ್ ಗಾಡಿಯ ಎದುರು ಮರಾಠಿ, ಮನೆಯಲ್ಲಿ ಕನ್ನಡ.

ಎರಡು ವರ್ಷದ ಹಿಂದಿನ ಮಾತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಶಾಲೆಯ ಇಂಗ್ಲಿಷ್ ಡಿಬೇಟಿನಲ್ಲಿ ಮೊದಲ ಬಹುಮಾನ ಗೆದ್ದು ಟ್ರೋಫಿ ಸಮೇತ ತರಗತಿಗೆ ಬಂದ. ಎಲ್ಲರೂ ಚಪ್ಪಾಳೆ ಹೊಡೆದೆವು. ನಾನು ಉತ್ಸಾಹದಲ್ಲಿ, "ಅದೇ ವಿಷಯ ಇಲ್ಲಿ ಎರಡು ನಿಮಿಷ ಕನ್ನಡದಲ್ಲಿ ಹೇಳು ನೋಡುವ" ಎಂದೆ. ಶಾಲೆಗೆ ಯೂನಿಫಾರ್ಮ್ ಬೇಕೋ ಬೇಡವೋ ಎನ್ನುವುದು ವಿಷಯ. ಹುಡುಗ ಎದ್ದು ನಿಂತ. "ಯೂನಿಫಾರ್ಮ್ ಬೇಕು. ಯೂನಿಫಾರ್ಮ್ ಒಳ್ಳೆಯದು. ಎಲ್ಲರೂ ಹಾಕಬೇಕು." ಸ್ವಲ್ಪ ಹೊತ್ತು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದ. "ಅಷ್ಟೇ ಸರ್" ಎಂದು ಕೂತುಬಿಟ್ಟ. ಟ್ರೋಫಿಯನ್ನು ಬ್ಯಾಗಿನೊಳಗೆ ಹಾಕಿಕೊಂಡ.

ಅವನಿಗೆ ಕನ್ನಡ ಬರುವುದಿಲ್ಲ ಎಂದಲ್ಲ. ಅಜ್ಜನ ಹತ್ತಿರ ಫೋನಿನಲ್ಲಿ ಅರ್ಧ ಗಂಟೆ ಕ್ರಿಕೆಟ್ ಮಾತಾಡುವ ಹುಡುಗ ಅವನು. ಆ ವಾರವೆಲ್ಲ ಟ್ರೇನಿನಲ್ಲಿ ಇದೇ ಯೋಚನೆ ಮಾಡಿದೆ. ನಮ್ಮ ಮನೆಗಳಲ್ಲಿ ಮಕ್ಕಳು ಕೇಳುವ ಕನ್ನಡ ಯಾವುದು? ಏಳು, ಸ್ನಾನ ಮಾಡು, ಊಟಕ್ಕೆ ಬಾ, ಫೋನ್ ಇಡು, ಅಜ್ಜಿಗೆ ನಮಸ್ಕಾರ ಮಾಡು. ಅವರು ಆಡುವ ಕನ್ನಡ? ಹ್ಞೂಂ, ಬಂದೆ, ಬೇಡ, ಸಾಕು, ಆಮೇಲೆ. ಜಗಳ ಬಿಗಿಯಾದರೆ ಮಕ್ಕಳು ತಕ್ಷಣ ಇಂಗ್ಲಿಷಿಗೋ ಹಿಂದಿಗೋ ಹಾರುತ್ತಾರೆ. ಒಂದು ಮಾತನ್ನು ಒಪ್ಪದೆ, ಯಾಕೆ ಒಪ್ಪುವುದಿಲ್ಲ ಎಂದು ಕಾರಣ ಕೊಟ್ಟು ಹೇಳುವ ಪ್ರಸಂಗ ಅವರಿಗೆ ಕನ್ನಡದಲ್ಲಿ ಬಂದೇ ಇಲ್ಲ. ಕನ್ನಡ ಅವರ ಪಾಲಿಗೆ ಹೇಳಿದ್ದನ್ನು ಕೇಳುವ ಭಾಷೆ. ಕೇಳಿಸಿಕೊಂಡೇ ಬೆಳೆದ ಭಾಷೆಯಲ್ಲಿ ಎದ್ದು ನಿಂತು ವಾದ ಮಾಡು ಎಂದರೆ ಫ್ಯಾನ್ ನೋಡದೆ ಇನ್ನೇನು ಮಾಡಿಯಾನು?

ಹಾಗಾದರೆ ನಮಗೆ ಚಿಕ್ಕಂದಿನಲ್ಲಿ ಚರ್ಚೆ ಮಾಡಲು ಬರುತ್ತಿತ್ತೇ? ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಇಲ್ಲ. ನಾನು ಓದಿದ್ದು ಕುಂದಾಪುರ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ. ಚರ್ಚಾಸ್ಪರ್ಧೆ ಎಂದರೆ ವಿಜ್ಞಾನ ವರವೋ ಶಾಪವೋ, ಹಳ್ಳಿಯ ಬದುಕು ಮೇಲೋ ಪಟ್ಟಣದ ಬದುಕು ಮೇಲೋ. ಪರ ನಾಲ್ಕು ಜನ, ವಿರೋಧ ನಾಲ್ಕು ಜನ. ಮೇಷ್ಟ್ರು ಬರೆದುಕೊಡುತ್ತಿದ್ದರು, ನಾವು ಬಾಯಿಪಾಠ ಮಾಡುತ್ತಿದ್ದೆವು. "ಮಾನ್ಯ ಅಧ್ಯಕ್ಷರೇ, ತೀರ್ಪುಗಾರರೇ, ನನ್ನ ನೆಚ್ಚಿನ ಸಹಪಾಠಿಗಳೇ" ಎಂದು ಶುರುಮಾಡಿ ಎಲ್ಲಿಯೂ ತಡವರಿಸದೆ ಕೊನೆ ಮುಟ್ಟಿಸಿದವನಿಗೆ ಬಹುಮಾನ. ಒಮ್ಮೆ ವಿರೋಧ ಪಕ್ಷದ ಹುಡುಗಿಯೊಬ್ಬಳು ನಡುವೆ ಎದ್ದು, "ಹಳ್ಳಿ ಅಷ್ಟು ಒಳ್ಳೆಯದಾದರೆ ನಿಮ್ಮ ಅಣ್ಣ ಯಾಕೆ ಬೊಂಬಾಯಿಗೆ ಹೋದದ್ದು?" ಎಂದು ಕೇಳಿದಳು. ನಾನು ಒಂದು ಕ್ಷಣ ನಿಂತು, ಬಿಟ್ಟ ಸಾಲಿನಿಂದಲೇ ಮುಂದುವರಿಸಿದೆ. ಸ್ಟೀಲ್ ತಟ್ಟೆ ನನಗೇ ಬಂತು. ಅವಳ ಪ್ರಶ್ನೆಗೆ ಉತ್ತರ ಇಂದಿಗೂ ಬಾಕಿ ಇದೆ.

ನಿಜವಾದ ಚರ್ಚೆಯನ್ನು ನಾನು ನೋಡಿದ್ದು ಶಾಲೆಯಲ್ಲಿ ಅಲ್ಲ, ತಾಳಮದ್ದಳೆಯಲ್ಲಿ. ಮಳೆಗಾಲದ ರಾತ್ರಿ ಅಪ್ಪ ನನ್ನನ್ನು ಕೊಡೆಯ ಅಡಿಯಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ: ಯಕ್ಷಗಾನದ ಪ್ರಸಂಗವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯಕ್ಕೆ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ವಾಲಿವಧೆಯ ಪ್ರಸಂಗದಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೂ ನನಗೂ ಹಗೆ ಏನಿತ್ತು? ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ರಾಮ ಉತ್ತರಿಸಲೇಬೇಕು. ದೇವರಾದ ಮಾತ್ರಕ್ಕೆ ಅಲ್ಲಿ ರಿಯಾಯಿತಿ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವಾಲಿಯಾಗಿಯೋ ರಾವಣನಾಗಿಯೋ ಕೂತರೆ ಎದುರಿನ ರಾಮನಿಗೆ ಬೆವರು ಬರುತ್ತಿತ್ತು ಎಂದು ಅಪ್ಪ ಹೇಳುತ್ತಿದ್ದರು. ಇಂದು ಕೃಷ್ಣನಾಗಿ ಸಂಧಾನಕ್ಕೆ ಬಂದ ಅರ್ಥಧಾರಿ ನಾಳೆ ಇನ್ನೊಂದೂರಿನಲ್ಲಿ ಕೌರವನಾಗಿ ಕೂರುವುದುಂಟು. ಎರಡೂ ಕಡೆಯ ಮಾತು ಗೊತ್ತಿದ್ದರೇ ಒಂದು ಕಡೆಯ ಮಾತಿಗೆ ತೂಕ. ಈಗಲೂ ಮಳೆಗಾಲದಲ್ಲಿ ಕಲಾವಿದರು ಮುಂಬಯಿಗೆ ಬಂದು ತಾಳಮದ್ದಳೆ ನಡೆಸುತ್ತಾರೆ. ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿ.

ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ತರಗತಿಯ ಕೊನೆಯ ಅರ್ಧ ಗಂಟೆಯನ್ನು ಚರ್ಚೆಗೆ ಮೀಸಲಿಟ್ಟೆ. ನಿಯಮಗಳು ನಾಲ್ಕೇ.

ಒಂದು, ವಿಷಯ ಮಕ್ಕಳ ಕಣ್ಣೆದುರಿನದು ಆಗಿರಬೇಕು. ಸೊಸೈಟಿಯೊಳಗೆ ಬೀದಿನಾಯಿಗಳಿಗೆ ಅನ್ನ ಹಾಕಬಹುದೇ? ರಜೆಗೆ ಊರಿಗೇ ಹೋಗಬೇಕೇ? ವಿಜ್ಞಾನ, ವರ, ಶಾಪ ಯಾವುದೂ ಬೇಡ.

ಎರಡು, ಪರವೋ ವಿರೋಧವೋ ಎನ್ನುವುದು ಚೀಟಿ ಎತ್ತಿ ನಿರ್ಧಾರ. ಅರ್ಧ ದಾರಿಯಲ್ಲಿ ಪಕ್ಷ ಬದಲಾಯಿಸಲು ಹೇಳುವ ಹಕ್ಕು ನನ್ನದು.

ಮೂರು, ಎದುರಿನವರಿಗೆ ಉತ್ತರ ಕೊಡುವ ಮೊದಲು ಅವರು ಹೇಳಿದ್ದನ್ನು ನೀವು ಹೇಳಬೇಕು. "ಅವಳು ಹೇಳಿದ್ದು ಇದು" ಎಂದು ಹೇಳಿ, ಅವಳು "ಹೌದು" ಎಂದ ಮೇಲೆಯೇ ನಿಮ್ಮ ಮಾತು. "ಅಲ್ಲ" ಎಂದರೆ ಮತ್ತೊಮ್ಮೆ ಪ್ರಯತ್ನ.

ನಾಲ್ಕು, ಪದ ಸಿಗದಿದ್ದರೆ ಇಂಗ್ಲಿಷ್ ಪದ ಬಳಸಬಹುದು, ಆದರೆ ವಾಕ್ಯ ಕನ್ನಡದ್ದಾಗಿರಬೇಕು.

ಮೂರನೆಯ ನಿಯಮವನ್ನು ನಾನು ಹಾಕಿದ್ದು ಸಭ್ಯತೆ ಕಲಿಸಲು. ಆದರೆ ಅದು ಮಾಡಿದ ಕೆಲಸ ಬೇರೆ. ಮಾತಾಡಲು ಎದ್ದವರಿಗೆ ಅತಿ ಕಷ್ಟ ಮೊದಲ ವಾಕ್ಯ. ಬಾಯಿ ಒಣಗುವುದು ಅಲ್ಲೇ. ಈ ನಿಯಮದಲ್ಲಿ ಮೊದಲ ವಾಕ್ಯವನ್ನು ಹುಡುಕಬೇಕಿಲ್ಲ, ಎದುರಿನವಳು ಈಗಷ್ಟೇ ಕೊಟ್ಟಿದ್ದಾಳೆ. ಅದನ್ನು ಹೇಳುತ್ತಿರುವಾಗ ನಮ್ಮ ಉತ್ತರ ಜೋಡಿಸಿಕೊಳ್ಳಲು ಸಮಯ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾನು ಹೇಗೆ ಕಾಣುತ್ತಿದ್ದೇನೆ, ನನ್ನ ಕನ್ನಡ ತಪ್ಪಾಯಿತೇ ಎಂಬ ಗಮನ ತನ್ನಿಂದ ಹೊರಟು ಎದುರಿನವರ ಮಾತಿನ ಮೇಲೆ ಹೋಗುತ್ತದೆ. ಸುಮಾರು ಎರಡು ತಿಂಗಳಲ್ಲಿ ಫ್ಯಾನ್ ನೋಡುವವರು ಕಡಿಮೆಯಾದರು. ಟ್ರೋಫಿಯ ಹುಡುಗ ಒಂದು ಭಾನುವಾರ ಬೀದಿನಾಯಿಗಳ ಪರವಾಗಿ ನಾಲ್ಕು ನಿಮಿಷ ಮಾತಾಡಿದ. ಅವನಿಗೆ ನಾಯಿ ಕಂಡರೆ ಭಯ, ಅದು ಎಲ್ಲರಿಗೂ ಗೊತ್ತು. ಭಯ ಇರುವುದರಿಂದಲೇ ವಿರೋಧದವರು ಏನು ಹೇಳಬಹುದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಬರವಣಿಗೆಯಲ್ಲಿ ಆದ ಬದಲಾವಣೆ ನಿಧಾನ, ಆದರೆ ಹೆಚ್ಚು ಸ್ಪಷ್ಟ. ಚರ್ಚೆಯ ನಂತರ ಮನೆಯಲ್ಲಿ ಒಂದು ಪುಟ ಬರೆದು ತರಬೇಕು, ಈ ಸಲ ಚೀಟಿಯ ಪಕ್ಷವಲ್ಲ, ತಮ್ಮ ಸ್ವಂತ ಅಭಿಪ್ರಾಯ. ಮೊದಮೊದಲು ಬರುತ್ತಿದ್ದ ಪ್ರಬಂಧಗಳೆಲ್ಲ ಒಂದೇ ಅಚ್ಚು: ಮೊಬೈಲ್ ಕೆಟ್ಟದ್ದು, ಕಣ್ಣಿಗೆ ಕೆಟ್ಟದ್ದು, ಓದಿಗೆ ಕೆಟ್ಟದ್ದು, ಆದ್ದರಿಂದ ನಾವೆಲ್ಲರೂ ಮೊಬೈಲ್ ಕಡಿಮೆ ಬಳಸೋಣ. ಇದರಲ್ಲಿ ವಾದವೇ ಇಲ್ಲ, ಒಂದೇ ಮಾತು ನಾಲ್ಕು ಸಲ ಇದೆ. ಈಗ ಪುಟದ ನಡುವೆ "ಕೆಲವರು ಹೀಗೆ ಹೇಳಬಹುದು", "ಅದು ನಿಜ, ಆದರೂ", "ಒಂದು ವೇಳೆ ಹಾಗಾದರೆ" ಎಂಬ ಸಾಲುಗಳು ಬರತೊಡಗಿವೆ. ಈ ಪುಟ್ಟ ಪದಗಳನ್ನು ವ್ಯಾಕರಣ ಪಾಠದಲ್ಲಿ ನಾನು ಹೇಳಿಕೊಟ್ಟಿದ್ದೆ, ಯಾರೂ ಬಳಸಿರಲಿಲ್ಲ. ಎದುರಿಗೆ ಒಬ್ಬರು ಕೂತು "ಅಲ್ಲ" ಎಂದ ಮೇಲೆಯೇ ಅವುಗಳ ಅಗತ್ಯ ಬಿತ್ತು.

ಎಂಟನೇ ತರಗತಿಯ ಹುಡುಗಿಯೊಬ್ಬಳು ರಜೆಯ ವಿಷಯಕ್ಕೆ ಬರೆದದ್ದರ ಸಾರ ಹೀಗಿತ್ತು: ಊರಿಗೆ ಹೋಗುವುದು ನನಗೆ ಇಷ್ಟವಿಲ್ಲ. ಅಲ್ಲಿ ನನ್ನ ಕನ್ನಡಕ್ಕೆ ಎಲ್ಲರೂ ನಗುತ್ತಾರೆ. ಹೋಗದಿದ್ದರೆ ಕನ್ನಡ ಇನ್ನೂ ಕೆಡುತ್ತದೆ ಎಂದು ಅಮ್ಮ ಹೇಳುತ್ತಾಳೆ, ಅದು ನಿಜ. ಆದರೆ ನಗುವವರ ಎದುರು ನಾನು ಮಾತೇ ಆಡುವುದಿಲ್ಲ, ಹಾಗಾದರೆ ಹೋಗಿ ಏನು ಉಪಯೋಗ? ಇದನ್ನು ಓದಿ ನಾನು ಸುಮ್ಮನೆ ಕೂತೆ. ಊರಿನಲ್ಲಿ ಆ ಮಕ್ಕಳನ್ನು ನೋಡಿ ನಗುವವರಲ್ಲಿ ನಾನೂ ಇದ್ದೇನಲ್ಲ.

ವಾದದ ಅಂಗಗಳನ್ನು ಹೇಳಿಕೊಡಲು ನಾನು ಹಿಡಿದದ್ದು ನಮ್ಮ ನ್ಯಾಯಶಾಸ್ತ್ರದ ಹಳೆಯ ಉದಾಹರಣೆ. ಪ್ರತಿಜ್ಞೆ: ಬೆಟ್ಟದ ಮೇಲೆ ಬೆಂಕಿ ಇದೆ. ಹೇತು: ಯಾಕೆಂದರೆ ಹೊಗೆ ಕಾಣುತ್ತಿದೆ. ಉದಾಹರಣೆ: ಹೊಗೆ ಇದ್ದಲ್ಲಿ ಬೆಂಕಿ ಇರುತ್ತದೆ, ಅಡುಗೆಮನೆಯ ಹಾಗೆ. ಉಪನಯ: ಈ ಬೆಟ್ಟದಲ್ಲೂ ಅಂಥದೇ ಹೊಗೆ ಇದೆ. ನಿಗಮನ: ಆದ್ದರಿಂದ ಅಲ್ಲಿ ಬೆಂಕಿ ಇದೆ. ಕೂಡಲೇ ಆರನೇ ತರಗತಿಯ ಪುಟ್ಟ ಕೈ ಎತ್ತಿದ. "ಸರ್, ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಉಂಟು. ಬೆಂಕಿ ಇದೆ, ಹೊಗೆ ಇಲ್ಲ!" ಎಲ್ಲರೂ ನಕ್ಕರು, ನಾನು ಸೋತೆ ಎಂದೇ ತಿಳಿದರು. ಆದರೆ ಹಿಂದಿನ ನೈಯಾಯಿಕರು ಇದನ್ನೂ ಯೋಚಿಸಿದ್ದರು. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ ಎನ್ನುವುದು ಅವರದೇ ಉದಾಹರಣೆ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸುವ ಹಾಗಿಲ್ಲ. ಇದು ತಿಳಿದ ಮೇಲೆ ಮಕ್ಕಳು ಒಬ್ಬರನ್ನೊಬ್ಬರು ಹಿಡಿಯತೊಡಗಿದರು. "ಫೇಲಾದವರೆಲ್ಲ ಮೊಬೈಲ್ ನೋಡುತ್ತಿದ್ದರು ಎಂದರೆ ಮೊಬೈಲ್ ನೋಡುವವರೆಲ್ಲ ಫೇಲಾಗುತ್ತಾರೆ ಎಂದಲ್ಲ" ಎಂದು ಒಬ್ಬಳು ಹೇಳಿದಾಗ, ಬೆಟ್ಟದ ಹೊಗೆ ಡೊಂಬಿವಲಿಯವರೆಗೆ ಬಂತು ಎಂದು ಖುಷಿಯಾಯಿತು.

ಅದೇ ಶಾಸ್ತ್ರ ಮಾತಿನ ಮೂರು ಬಗೆ ಹೇಳುತ್ತದೆ. ತಿಳಿಯುವುದಕ್ಕಾಗಿ ಆಡಿದ್ದು ವಾದ. ಗೆಲ್ಲುವುದಕ್ಕಾಗಿ ಆಡಿದ್ದು ಜಲ್ಪ. ತನ್ನದೇನನ್ನೂ ಸ್ಥಾಪಿಸದೆ ಎದುರಿನವರದನ್ನು ಕೆಡವುವುದಷ್ಟೇ ಆದರೆ ವಿತಂಡ. ಈ ಕೊನೆಯ ಪದ ನಮ್ಮ ಮನೆಮಾತಿನಲ್ಲಿ ಈಗಲೂ ಇದೆ, ಟಿವಿಯಲ್ಲಿ ರಾತ್ರಿ 9ಕ್ಕೆ ಕಾಣಲಿಕ್ಕೂ ಸಿಗುತ್ತದೆ. ಶಾಲೆಯ ಸ್ಪರ್ಧೆಗಳು ಹೆಚ್ಚಾಗಿ ಕಲಿಸುವುದು ಜಲ್ಪವನ್ನು. ಅದೂ ಬೇಕು, ಆದರೆ ಅಲ್ಲಿಗೇ ನಿಂತರೆ ಚೀಟಿಯಲ್ಲಿ ಬಂದ ಪಕ್ಷಕ್ಕೆಲ್ಲ ಒಡನೆ ಮಾತು ಹೊಸೆಯುವ ಜಾಣರು ಸಿಗುತ್ತಾರೆ, ಅಷ್ಟೇ. ಸ್ವಂತ ಅಭಿಪ್ರಾಯದ ಒಂದು ಪುಟ ಬರೆಯಿಸುವುದು ಅದಕ್ಕಾಗಿಯೇ.

ಎಲ್ಲವೂ ಚೆನ್ನಾಗಿ ನಡೆಯಿತು ಎಂದುಕೊಳ್ಳಬೇಡಿ. ಒಬ್ಬಳು ಹುಡುಗಿ ಚರ್ಚೆಯ ದಿನಗಳಲ್ಲಿ ತರಗತಿಗೇ ಬಾರದಾದಳು. ವಿಚಾರಿಸಿದರೆ ಎದ್ದು ನಿಂತರೆ ಹೊಟ್ಟೆನೋವು ಬರುತ್ತದೆ ಎಂದಳು. ಅವಳಿಗೆ ಮೊದಲು ಬರೆದು, ಕೂತಲ್ಲಿಂದಲೇ ಓದಲು ಹೇಳಿದೆ. ಆರು ತಿಂಗಳಾದರೂ ಕೂತೇ ಓದುತ್ತಾಳೆ, ಆದರೆ ತರಗತಿಯ ಅತ್ಯಂತ ಗಟ್ಟಿ ಪುಟ ಅವಳದೇ. ಜೋರಾಗಿ ಮಾತಾಡುವವರಿಗೇ ಆತ್ಮವಿಶ್ವಾಸ ಇದೆ ಎಂದು ತಿಳಿದದ್ದು ನನ್ನ ತಪ್ಪು. ಇನ್ನೊಬ್ಬ ತಾಯಿ ಲಿಫ್ಟಿನ ಎದುರು ನಿಲ್ಲಿಸಿ, "ಸರ್, ಮೊದಲು ಮಗಳು ಕನ್ನಡ ಮಾತಾಡುವುದಿಲ್ಲ ಎಂದು ಬೇಜಾರಿತ್ತು. ಈಗ ಕನ್ನಡದಲ್ಲೇ ಎದುರು ಮಾತಾಡುತ್ತಾಳೆ. ಇದಕ್ಕಾ ನಾವು ಕಳಿಸಿದ್ದು?" ಎಂದರು. ನಗುತ್ತಲೇ ಹೇಳಿದರು, ಆದರೆ ಪೂರ್ತಿ ನಗು ಅಲ್ಲ. ನೋಡಿ, ನಮ್ಮಲ್ಲಿ ಎದುರು ಮಾತು ಎಂದರೆ ಉದ್ಧಟತನ. ನಾನು ಅವರಿಗೆ ಏನೋ ಸಮಾಧಾನ ಹೇಳಿ ಕಳಿಸಿದೆ. ಆ ಪ್ರಶ್ನೆ ನನ್ನ ಮನೆಗೇ ಬರುವವರೆಗೆ ಅದರ ತೂಕ ನನಗೆ ಗೊತ್ತಾಗಿರಲಿಲ್ಲ.

ಅಮ್ಮನಿಗೆ 76. ಅಪ್ಪ ಹೋದ ಮೇಲೆ ಊರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಕಳೆದ ಫೆಬ್ರವರಿಯಲ್ಲಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಕೈಗೆ ಪೆಟ್ಟಾಗಿತ್ತು, ದೇವರ ದಯೆ, ಸೊಂಟ ಉಳಿಯಿತು. ಆಗಲೇ ತೀರ್ಮಾನ ಮಾಡಿಬಿಟ್ಟೆ: ಮೇ ತಿಂಗಳಲ್ಲಿ ಊರಿಗೆ ಹೋಗುವುದು, ಮನೆಗೆ ಬೀಗ ಹಾಕುವುದು, ಮಳೆಗಾಲಕ್ಕೆ ಮೊದಲು ಅಮ್ಮನನ್ನು ಡೊಂಬಿವಲಿಗೆ ಕರೆತರುವುದು. ಅಮ್ಮ ಫೋನಿನಲ್ಲಿ "ನೋಡುವ" ಎನ್ನುತ್ತಿದ್ದರು. ನಾನು ಅದನ್ನು ಒಪ್ಪಿಗೆ ಎಂದೇ ಲೆಕ್ಕ ಹಾಕಿದೆ.

ಊರಿನಲ್ಲಿ, ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ಬೀಗ ಹಾಕುವ ದಿನದ ಮಾತು ತೆಗೆದೆ. ಅಮ್ಮ ಸುಮ್ಮನಿದ್ದರು. ನಾನು ಬಚ್ಚಲು, ಕರೆಂಟು, ಆಸ್ಪತ್ರೆಯ ದೂರ ಎಂದು ಒಂದೊಂದಾಗಿ ಹೇಳುತ್ತಾ ಹೋದೆ. ಆಗ ನನ್ನ ಮಗಳು, ಒಂಬತ್ತನೇ ತರಗತಿ, ಭಾನುವಾರ ನನ್ನನ್ನು ಸರ್ ಎಂದು ಕರೆಯುವವಳು, ನಡುವೆ ಬಾಯಿ ಹಾಕಿದಳು. "ಅಪ್ಪ, ನಿನ್ನದು ಆಯಿತು. ಅಜ್ಜಿ ಯಾಕೆ ಬರುವುದಿಲ್ಲ ಅಂತ ನೀನು ಹೇಳು. ಅಜ್ಜಿ ಹೌದು ಅನ್ನಬೇಕು."

ನನಗೆ ಸಿಟ್ಟು ಬಂತು. ದೊಡ್ಡವರ ಮಾತಿನ ನಡುವೆ ನಿನಗೇನು ಎಂದು ಹೇಳುವ ಮಾತು ನಾಲಿಗೆಯ ತುದಿಯಲ್ಲಿತ್ತು. ಲಿಫ್ಟಿನ ಎದುರಿನ ತಾಯಿ ನೆನಪಾದರು. ನಿಯಮ ಮಾಡಿದವನು ನಾನೇ ಅಲ್ಲವೇ ಎಂದು ಒಪ್ಪಿಕೊಂಡೆ.

"ಅಮ್ಮನಿಗೆ ಈ ಮನೆ ಬಿಡಲು ಮನಸ್ಸಿಲ್ಲ" ಎಂದೆ.

ಅಮ್ಮ "ಅಲ್ಲ" ಎಂದರು.

"ಅಪ್ಪನ ನೆನಪು ಇಲ್ಲಿದೆ, ಅದಕ್ಕೆ."

"ಅಲ್ಲ ಮಗಾ."

"ನಮಗೆ ತೊಂದರೆ ಆಗುತ್ತದೆ ಎಂದು."

"ಅದೂ ಅಲ್ಲ."

ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. 50 ವರ್ಷದ ಪರಿಚಯದಲ್ಲಿ ಅಮ್ಮನ ಪಕ್ಷ ನನಗೆ ಗೊತ್ತಿರಲಿಲ್ಲ. ಆಗ ಅಮ್ಮನೇ ಹೇಳಿದರು. ಅವರ ಕುಂದಾಪುರದ ಮಾತನ್ನು ಎಲ್ಲರಿಗೂ ತಿಳಿಯುವ ಹಾಗೆ ಬರೆಯುತ್ತೇನೆ: "ಅಲ್ಲಿ ಮೆಡಿಕಲ್ ಶಾಪಿಗೆ ಹೋಗಿ ಒಂದು ಮಾತ್ರೆ ಕೇಳಲಿಕ್ಕೂ ನನಗೆ ನೀನು ಬೇಕು. ನೀನು ಬರುವುದು ರಾತ್ರಿ ಎಂಟೂವರೆಗೆ. ಇಲ್ಲಿ ನನಗೆ ಯಾರನ್ನೂ ಕಾಯಬೇಕೆಂದಿಲ್ಲ. ಬಿದ್ದರೆ ಕೂಗುತ್ತೇನೆ, ಕೂಗಿದ್ದು ಯಾರಿಗಾದರೂ ಅರ್ಥವಾಗುತ್ತದೆ."

ಭಾಷೆ ಗೊತ್ತಿಲ್ಲದ ಊರಿನಲ್ಲಿ ಬಂದಿಳಿದ ಮೊದಲ ವರ್ಷ ನನಗೂ ಹೀಗೇ ಆಗಿತ್ತು. ದಾದರ್ ಸ್ಟೇಷನ್ನಿನಲ್ಲಿ ದಾರಿ ಕೇಳಲು ನಾಚಿ ಒಂದು ಗಂಟೆ ಸುತ್ತಿದ್ದೇನೆ. ಆದರೂ ಈ ಕಾರಣ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಮಗಳು ಅಜ್ಜಿಯ ಕಡೆಗೆ ತಿರುಗಿ, "ಅಜ್ಜಿ, ಈಗ ಅಪ್ಪನದು ನೀವು ಹೇಳಿ" ಎಂದಳು. ಅಮ್ಮ ಯೋಚನೆಯನ್ನೇ ಮಾಡಲಿಲ್ಲ. "ಇವನಿಗೆ ರಾತ್ರಿ ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ" ಎಂದರು. ನಾನು "ಹೌದು" ಎಂದೆ. ಅಷ್ಟು ಹೇಳುವಾಗ ಗಂಟಲು ಕಟ್ಟಿತು.

ಕೊನೆಗೆ ಯಾರೂ ಗೆಲ್ಲಲಿಲ್ಲ. ಬಚ್ಚಲಿಗೆ ಹಿಡಿಕೆ ಹಾಕಿಸಿದೆ, ಜಾರದ ನೆಲ ಮಾಡಿಸಿದೆ. ರಾತ್ರಿ ಮಲಗಲು ಪಕ್ಕದ ಮನೆಯ ಹೆಂಗಸು ಬರುತ್ತಾರೆ. ದೀಪಾವಳಿಗೆ ಅಮ್ಮ ಇಲ್ಲಿಗೆ ಬಂದು ಒಂದು ತಿಂಗಳು ಇದ್ದು ನೋಡುವುದು, ಆಮೇಲೆ ಮತ್ತೆ ಕೂತು ಮಾತಾಡುವುದು ಎಂದಾಗಿದೆ. ನಾನು ಮಾಡಿದ್ದು ಸರಿಯೋ ತಪ್ಪೋ ಎಂದು ಜೋರು ಮಳೆ ಬಂದ ರಾತ್ರಿಗಳಲ್ಲಿ ಈಗಲೂ ಯೋಚಿಸುತ್ತೇನೆ. ಮಗಳು ಅಂದು ಬಾಯಿ ಹಾಕದಿದ್ದರೆ ಮನೆಗೆ ಬೀಗ ಬೀಳುತ್ತಿತ್ತು, ಅಮ್ಮ ಇಲ್ಲಿ ಮೂರನೇ ಮಹಡಿಯಲ್ಲಿ ನನ್ನ ದಾರಿ ಕಾಯುತ್ತಿದ್ದರು, ಯಾಕೆ ಮೌನ ಎಂದು ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಮತ್ತೆ, ಅವಳು ಬಾಯಿ ಹಾಕಿದ್ದು ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ಹಾಕಿದ್ದರೆ ಅಪ್ಪ ಮಗಳ ನಡುವಿನ ಜಗಳವಾಗುತ್ತಿತ್ತು, ಅಜ್ಜಿ ಅದರ ಹೊರಗೇ ಉಳಿಯುತ್ತಿದ್ದರು.

ಓದುಗರಲ್ಲಿ ನನ್ನದೊಂದು ಕೋರಿಕೆ. ಭಾನುವಾರ ತಿಂಡಿ ಆದ ಮೇಲೆ ಹತ್ತು ನಿಮಿಷ, ಟಿವಿ ಆರಿಸಿ, ಮನೆಯಲ್ಲಿ ನಿಜವಾಗಿ ತೀರ್ಮಾನ ಆಗಬೇಕಾದ ಒಂದು ವಿಷಯ ಎತ್ತಿಕೊಳ್ಳಿ. ರಜೆಗೆ ಎಲ್ಲಿಗೆ, ಟ್ಯೂಷನ್ ಬೇಕೇ, ಸ್ಕೂಟಿ ಯಾವಾಗ, ಯಾವುದಾದರೂ ಆದೀತು. ಮಕ್ಕಳ ಪಕ್ಷವನ್ನು ಮೊದಲು ನೀವು ಹೇಳಿ, ಅವರು "ಹೌದು" ಎನ್ನುವವರೆಗೆ ನಿಮ್ಮ ಮಾತು ತೆಗೆಯಬೇಡಿ. ಮಕ್ಕಳ ಕನ್ನಡ ತಪ್ಪಿದರೆ ನಗಬೇಡಿ, ತಿದ್ದುವುದು ಸೋಮವಾರಕ್ಕಿರಲಿ. ಕೊನೆಗೆ ಅವರ ಕೈಯಲ್ಲಿ ಅರ್ಧ ಪುಟ ಬರೆಯಿಸಿ.

ಲಿಫ್ಟಿನ ಎದುರು ಸಿಕ್ಕ ಆ ತಾಯಿಗೆ ನಾನಿನ್ನೂ ಸರಿಯಾದ ಉತ್ತರ ಕೊಟ್ಟಿಲ್ಲ. ಈ ತಿಂಗಳ ಅಂಕಣವನ್ನು ಅವರಿಗೆ ಕಳಿಸುತ್ತೇನೆ. ಒಪ್ಪದಿದ್ದರೆ ಭಾನುವಾರ ತರಗತಿಗೆ ಬರಲಿ. ಚೀಟಿ ಎತ್ತಿಸಿ ಅವರನ್ನೂ ಮಕ್ಕಳ ಪಕ್ಷದಲ್ಲಿ ಕೂರಿಸೋಣ.